ಹಾಲು ಒಡೆದ ಮನೆ

ನಮ್ಮಣ್ಣ ತಿಪ್ಪೇಶ ಹೆಣ್ಣು ನೋಡಲು ಹೊರಟ ದಿನ ಬೆಳಿಗ್ಗೆ ನಮ್ಮ ಮನೆಯ ಹಾಲು ಒಡೆದಿತ್ತು. ಆಮೇಲೆ ಆದದ್ದಕ್ಕೆಲ್ಲ ಅದೇ ಮೂಲ ಎಂದು ನಾನು ಈಗಲೂ ವಾದಿಸುತ್ತೇನೆ. ಒಡೆಯದೆ ಇದ್ದಿದ್ದರೆ ಅಣ್ಣ ತನ್ನ ನಿತ್ಯದ ಅವತಾರದಲ್ಲೇ ಆ ಮನೆಗೆ ಹೋಗುತ್ತಿದ್ದ. ಉಪ್ಪಿಟ್ಟು ಆರಿದೆ ಎಂದೋ, ಫ್ಯಾನು ಕಿರುಗುಟ್ಟುತ್ತಿದೆ ಎಂದೋ ಒಂದು ಕೂಗು ಹಾಕುತ್ತಿದ್ದ. ಅವರು ಕೈಮುಗಿದು ಬಸ್ ಸ್ಟ್ಯಾಂಡಿನ ದಾರಿ ತೋರಿಸುತ್ತಿದ್ದರು. ಆದರೆ ಹಾಲು ಒಡೆದ ಮನೆಯವರು ಅವತ್ತು ಹೊತ್ತು ಮುಳುಗುವ ತನಕ ಯಾರ ಮೇಲೂ ಸಿಟ್ಟು ಮಾಡುವಂತಿಲ್ಲ, ಪರಊರಿಗೆ ಹೋದರೂ ಮಾಡುವಂತಿಲ್ಲ. ಹಾಗಾಗಿ ಅಣ್ಣ ಆರಿದ ಉಪ್ಪಿಟ್ಟನ್ನು ನಗುನಗುತ್ತ ತಿಂದ. ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದು ಅವರ ಫ್ಯಾನನ್ನು ತಾನೇ ರಿಪೇರಿ ಮಾಡಿಕೊಟ್ಟ. ಹುಡುಗಿಯ ಅಜ್ಜಿಯ ಮಂಡಿನೋವಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿಸಿಕೊಂಡ. ಹುಡುಗಿ ಕಮಲಾಕ್ಷಿ ಬಾಗಿಲ ಸಂದಿಯಿಂದ ಇದನ್ನೆಲ್ಲ ನೋಡಿ ಅಲ್ಲಿಯೇ ಮನಸ್ಸು ಮಾಡಿಬಿಟ್ಟಳು.

ನಮ್ಮೂರಿನ ವಿಷಯ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ದೇಶದ ಯಾವ ಮೂಲೆಯಲ್ಲಾದರೂ ಒಬ್ಬರು ಇನ್ನೊಬ್ಬರನ್ನು ಕೊಂದರೆ ನಮ್ಮೂರಿನ ಯಾವುದೋ ಒಂದು ಮನೆಯಲ್ಲಿ ಒಲೆಯ ಮೇಲಿನ ಹಾಲು ಒಡೆಯುತ್ತದೆ. ಇವತ್ತು ಯಾರ ಮನೆ, ನಾಳೆ ಯಾರ ಮನೆ ಎಂದು ಹೇಳಲು ಬರುವುದಿಲ್ಲ. ಕೆಟ್ಟ ಹಾಲು ಒಡೆದರೆ ಹುಳಿ ನಾತ ಬರುತ್ತದೆ. ಇದು ಹಾಗಲ್ಲ, ಆಗಷ್ಟೇ ಕರೆದ ಹಾಲಿನ ಘಮ ಹಾಗೇ ಇರುತ್ತದೆ, ಹಾಲು ಮಾತ್ರ ಎರಡಾಗಿರುತ್ತದೆ. ಅದನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಗಟ್ಟಿಗೆ ಬೆಲ್ಲ ಏಲಕ್ಕಿ ಹಾಕಿ ಕಾಯಿಸಿ ಬೀದಿಗೆಲ್ಲ ಹಂಚಬೇಕು. ಸೋಸಿದ ಬಟ್ಟೆಯನ್ನು ಹಿಂಡಿ ಮುಂಬಾಗಿಲಿಗೆ ನೇತುಹಾಕಬೇಕು. ಎಲ್ಲಿಯೋ ಯಾರದೋ ಸಿಟ್ಟಿಗೆ ಒಂದು ಜೀವ ಹೋಗಿದೆ, ಈ ಮನೆಯಲ್ಲಿ ಇವತ್ತು ಸಿಟ್ಟಿಲ್ಲ ಎಂದು ಆ ಬಟ್ಟೆಯ ಅರ್ಥ. ನಮ್ಮವ್ವ ಇದ್ದಾಗ ಸಿಹಿಯ ಮೊದಲ ಚಮಚವನ್ನು ಒಂದು ಎಲೆಯ ಮೇಲೆ ಹಾಕಿ ಕಾಂಪೌಂಡಿನ ಗೋಡೆಯ ಮೇಲಿಡುತ್ತಿದ್ದಳು. ಯಾರಿಗವ್ವಾ ಅದು ಎಂದು ಕೇಳಿದರೆ "ಉಣ್ಣದೆ ಹೋದೋರಿಗೆ" ಎನ್ನುತ್ತಿದ್ದಳು. ಅವ್ವ ಹೋದ ಮೇಲೆ ಆ ಚಮಚವನ್ನೂ ನಾವೇ ತಿನ್ನತೊಡಗಿದೆವು.

ಸುಳ್ಳೇಕೆ ಹೇಳಲಿ, ಬಿಳಿ ಬಟ್ಟೆ ಕಂಡರೆ ನಮ್ಮೂರಿನವರಿಗೆ ಸಂಭ್ರಮ. ತಾಲೂಕು ಕಚೇರಿಯ ಗುಮಾಸ್ತರ ಮನೆಗೆ ಬಟ್ಟೆ ಬಿದ್ದರೆ ಸಾಕು, ಅರ್ಜಿ ಹಿಡಿದವರ ಸಾಲು ಬೀದಿ ಕೊನೆಯವರೆಗೆ ಬೆಳೆಯುತ್ತಿತ್ತು. ಫೇಲಾದ ಮಕ್ಕಳು ಮಾರ್ಕ್ಸ್ ಕಾರ್ಡನ್ನು ದಿಂಬಿನ ಕೆಳಗೆ ಬಚ್ಚಿಟ್ಟು ಹಾಲು ಒಡೆಯುವ ದಿನಕ್ಕೆ ಕಾಯುತ್ತಿದ್ದರು. ಪ್ರೀತಿ ಪ್ರೇಮದ ಸಮಾಚಾರವೆಲ್ಲ ಹೆತ್ತವರ ಕಿವಿಗೆ ಬೀಳುತ್ತಿದ್ದದ್ದು ಆ ದಿನವೇ. ನನಗೆ ಮದುವೆ ಬೇಡ, ಕಾರು ಕಲಿಸುವ ಶಾಲೆ ತೆಗೆಯುತ್ತೇನೆ ಎಂದು ನಾನು ಅಣ್ಣನಿಗೆ ಹೇಳಿದ್ದೂ ಹಾಲು ಒಡೆದ ದಿನವೇ. ಅಣ್ಣನ ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಕೊನೆಗೆ "ಒಳ್ಳೇದಾಗ್ಲಿ ಮಂಗಳಾ" ಎಂಬ ಮಾತು ಹಲ್ಲಿನ ಸಂದಿಯಿಂದ ಹೊರಗೆ ಬಂತು. ಮಾರನೆಯ ದಿನ ಬೈದ, ಬೈಯದೆ ಬಿಡುತ್ತಾನೆಯೇ? ಆದರೆ ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.

ಇಂಥ ಊರಿಗೆ, ಇಂಥ ಮನೆಗೆ, ಏನೂ ಗೊತ್ತಿಲ್ಲದ ಕಮಲಾಕ್ಷಿ ಅತ್ತಿಗೆ ಬಂದಳು. ಬಂದ ಎರಡನೆಯ ದಿನವೇ ಸ್ನಾನದ ನೀರು ಬಿಸಿಯಾಗಲಿಲ್ಲವೆಂದು ಅಣ್ಣ ಇಡೀ ಬೀದಿಗೆ ಕೇಳುವಂತೆ ಅಬ್ಬರಿಸಿದ. ಅಣ್ಣನದು ಮಿಕ್ಸಿ, ಫ್ಯಾನು ರಿಪೇರಿಯ ಅಂಗಡಿ. ಅಲ್ಲಿ ಮಿಕ್ಸಿಗಳಿಗೇ ಬೈಯುವವನು ಅವನು, ಕೈ ಮಾತ್ರ ಯಾರ ಮೇಲೂ ಎತ್ತಿದವನಲ್ಲ. ಅತ್ತಿಗೆಗೆ ಅದು ಹೇಗೆ ಗೊತ್ತಾಗಬೇಕು? ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. "ಮಂಗಳಾ, ನಿಜ ಹೇಳು. ಅವತ್ತು ನಮ್ಮನೆಗೆ ಬಂದೋರು ಇವರ ಅಣ್ಣಾನೋ ತಮ್ಮಾನೋ ಇರ್ಬೇಕು. ಅವರೆಲ್ಲಿ?" ನಾನು ಊರಿನ ಪದ್ಧತಿಯನ್ನು ಬಿಡಿಸಿ ಹೇಳಿದೆ. ಅತ್ತಿಗೆ ನುಗ್ಗೆಮರಕ್ಕೆ ಒರಗಿಕೊಂಡಳು.

ಅವಳು ಬಂದಮೇಲೆ ನಮ್ಮ ಮನೆಯಲ್ಲಿ ಮೊದಲ ಸಲ ಹಾಲು ಒಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಅತ್ತಿಗೆ ಸೌಟು ಹಿಡಿದುಕೊಂಡೇ ಅಳತೊಡಗಿದಳು. "ಯಾರು ಹೋಗಿದ್ದು?" ಎಂದಳು. "ಯಾರೋ ಅತ್ತಿಗೆ" ಎಂದೆ. "ಯಾರೋ ಅಂದ್ರೆ?" "ಯಾರೋ ಅಂದ್ರೆ ಯಾರೋ. ದೇಶ ಅಂದ್ಮೇಲೆ ಎಷ್ಟೊಂದು ಜನ." ಅವಳ ಅಳು ಕಂಡು ನನಗೆ ನಗುವೇ ಬಂತು. ಮಧ್ಯಾಹ್ನ ಅವಳು ಊಟ ಮಾಡಲಿಲ್ಲ. ಆದರೆ ಸಂಜೆ ಅಣ್ಣ ಅಡುಗೆಮನೆಗೆ ಬಂದು ಅವಳ ಪಕ್ಕದಲ್ಲಿ ಚಕ್ಕಂಬಕ್ಕಲ ಹಾಕಿ ಕೂತು ಬೆಳ್ಳುಳ್ಳಿ ಸುಲಿಯುತ್ತ, ಚಿಕ್ಕಂದಿನಲ್ಲಿ ರೇಡಿಯೋ ಬಿಚ್ಚಿ ಅಪ್ಪನಿಂದ ಒದೆ ತಿಂದ ಕಥೆ ಹೇಳಿದ. ಅತ್ತಿಗೆ ನಕ್ಕಳು. ಹೆಣ್ಣು ನೋಡಲು ಬಂದಿದ್ದ ಗಂಡು ಮತ್ತೆ ಸಿಕ್ಕಿದ್ದ. ಆಮೇಲೆ ಅವಳು ಹಾಲು ಒಡೆದಾಗ ಅಳುವುದನ್ನು ಬಿಟ್ಟಳು. ಏನಾದರೊಂದು ಕೇಳುವುದನ್ನು ಕಲಿತಳು. ಒಂದು ಸಲ ತವರಿಗೆ ಹೋಗುವುದು, ಒಂದು ಸಲ ಹೊಲಿಗೆ ಯಂತ್ರ, ಒಂದು ಸಲ ಬರೀ ಒಂದು ಸಿನಿಮಾ.

ಹೀಗೆ ನಡೆದುಕೊಂಡು ಹೋಗುತ್ತಿರುವಾಗ ಹಾಲು ಒಡೆಯುವುದೇ ಕಡಿಮೆಯಾಗತೊಡಗಿತು. ಮೊದಲೆಲ್ಲ ಬೆಳಿಗ್ಗೆ ಕಾರು ತೆಗೆದುಕೊಂಡು ಹೊರಟರೆ ಬೀದಿಬೀದಿಗೂ ಬಟ್ಟೆ ಕಾಣುತ್ತಿತ್ತು. ಬರುಬರುತ್ತ ಊರು ಸುತ್ತಿದರೂ ಅಲ್ಲೊಂದು ಇಲ್ಲೊಂದು. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ದೇಶದ ಜನ ಅಷ್ಟರಮಟ್ಟಿಗೆ ಒಬ್ಬರನ್ನೊಬ್ಬರು ಕೊಲ್ಲುವುದನ್ನು ಬಿಟ್ಟಿದ್ದಾರೆ ಎಂದರೆ ಸಂತೋಷಪಡಬೇಕಿತ್ತು. ನಮ್ಮೂರಿನಲ್ಲಿ ಆದದ್ದೇ ಬೇರೆ. ಸಿಟ್ಟಿಲ್ಲದ ದಿನಗಳೇ ಸಿಗದೆ ಜನ ಕಂಗಾಲಾದರು. ಕೇಳಬೇಕಾದ್ದು ಕೇಳಲಾಗದೆ, ಹೇಳಬೇಕಾದ್ದು ಹೇಳಲಾಗದೆ, ಅತ್ತೆ ಸೊಸೆಯರು ಪಾತ್ರೆ ಕುಕ್ಕುವ ಸದ್ದು ಬೀದಿಗೆ ಕೇಳತೊಡಗಿತು. ಗುಮಾಸ್ತರ ಮೇಜಿನ ಮೇಲೆ ಅರ್ಜಿಗಳು ಗೋಪುರವಾದವು. ನಮ್ಮತ್ತಿಗೆಯಂತೂ ದಿನಾ ಬೆಳಿಗ್ಗೆ ಹಾಲಿನ ಪಾತ್ರೆಯ ಮುಂದೆ ನಿಂತು ಅದು ಉಕ್ಕಿ ಬಂದೊಡನೆ ನಿಟ್ಟುಸಿರು ಬಿಡುತ್ತಿದ್ದಳು.

ಅದೇ ಹೊತ್ತಿಗೆ ಟೀವಿಯವರ ಕಾಟ ಶುರುವಾಯಿತು. ಎಲ್ಲಿಯೋ ಒಂದು ಕೊಲೆಯಾಯಿತು ಎಂದರೆ ನಮ್ಮೂರಿನಲ್ಲಿ ಒಡೆಯುವುದು ಒಂದೇ ಮನೆಯ ಹಾಲು. ಟೀವಿಯಲ್ಲಿ ಆ ಒಂದು ಕೊಲೆಯನ್ನೇ ಬೆಳಿಗ್ಗೆ ತೋರಿಸುವರು, ತಿಂಡಿಯ ಹೊತ್ತಿಗೆ ತೋರಿಸುವರು, ಕೆಂಪು ವೃತ್ತ ಹಾಕಿ ನಿಧಾನವಾಗಿ ತೋರಿಸುವರು, ಸಂಜೆ ನಾಲ್ಕು ಜನರನ್ನು ಕೂರಿಸಿ ಅದರ ಬಗ್ಗೆ ಕಿರುಚಾಡಿಸುವರು. ಒಂದು ವಾರ ಅದನ್ನೇ ನೋಡಿದವರಿಗೆ ವಾರವಿಡೀ ಕೊಲೆಯಾದಂತೆ ಆಗುತ್ತಿತ್ತು. ನಮ್ಮಣ್ಣ ಹಲ್ಲುಜ್ಜುತ್ತ ಟೀವಿ, ಊಟ ಮಾಡುತ್ತ ಟೀವಿ. "ದೇಶ ಕೆಟ್ಟೋಯ್ತು ಮಂಗಳಾ, ಮನುಷ್ಯ ಮನುಷ್ಯನ್ನ ನಂಬೋ ಕಾಲ ಅಲ್ಲ" ಎನ್ನುತ್ತಿದ್ದ. "ಬಟ್ಟೆ ಎಲ್ಲಣ್ಣ ಕಾಣುತ್ತೆ? ಊರೆಲ್ಲ ಸುತ್ತುತೀನಿ ನಾನು" ಎಂದರೆ, "ಈಗಿನ ಹಾಲು ಹಾಲಾ? ನೀರಿಗೆ ಬಿಳಿ ಬಣ್ಣ. ಅದೇನು ಒಡೆಯುತ್ತೆ" ಎಂದು ನಮ್ಮ ಹಾಲಿನ ಕೆಂಚಣ್ಣನನ್ನು ಬೈಯುತ್ತಿದ್ದ. ಊರಿಗೆ ಊರೇ ಹಾಲನ್ನು ಬಿಟ್ಟು ಟೀವಿಯನ್ನು ನಂಬಿತು.

ಕೆಂಚಣ್ಣನ ಬಗ್ಗೆಯೂ ಹೇಳಬೇಕು. ನಾನು ಹುಟ್ಟಿದಾಗಿನಿಂದ ನಮ್ಮ ಬೀದಿಗೆ ಅವನದೇ ಹಾಲು. ಯಾರನ್ನೂ ಕೂಗಿ ಎಬ್ಬಿಸುವವನಲ್ಲ. ಹಿತ್ತಿಲ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಕಟ್ಟೆಯ ಮೇಲಿನ ಪಾತ್ರೆಗೆ ಹಾಲು ಹೊಯ್ದು, ಬೆಕ್ಕು ಬಾಯಿ ಹಾಕದಂತೆ ತಟ್ಟೆ ಮುಚ್ಚಿ, ಸದ್ದಿಲ್ಲದೆ ಹೋಗುತ್ತಿದ್ದ. ಹಾಲಿಗೆ ಅವನು ನೀರು ಬೆರೆಸುತ್ತಿದ್ದ, ಇಲ್ಲವೆನ್ನುವುದಿಲ್ಲ. ಕೇಳಿದರೆ "ಹಸ ನೀರು ಕುಡೀತದಲ್ಲ ತಾಯಿ, ನಾನೇನ್ ಮಾಡ್ಲಿ" ಎಂದು ನಗುತ್ತಿದ್ದ.

ಇನ್ನು ನಿಂಬೆಹಣ್ಣಿನ ವಿಷಯ. ಅತ್ತಿಗೆಯ ತಂಗಿಗೆ ಮಗುವಾಗಿ ನಾಮಕರಣ ಗೊತ್ತಾಯಿತು. ಅಣ್ಣನನ್ನು ಕೇಳಬೇಕು, ಆದರೆ ಹಾಲು ಒಡೆಯದು. ನಾಮಕರಣ ಹತ್ತಿರ ಬಂದಂತೆಲ್ಲ ಅತ್ತಿಗೆ ಚಡಪಡಿಸಿದಳು. ಒಂದು ಬೆಳಿಗ್ಗೆ ನಾನು ಅಡುಗೆಮನೆಗೆ ಹೋದರೆ ಅವಳು ಹಾಲಿನ ಪಾತ್ರೆಯ ಮೇಲೆ ಅರ್ಧ ನಿಂಬೆಹಣ್ಣು ಹಿಡಿದುಕೊಂಡು ನಿಂತಿದ್ದಾಳೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಒಂದೇ ಸಲ ಕಣೆ" ಎಂದಳು. ಹಿಂಡಿದಳು. ಹಾಲು ಒಡೆಯಿತು, ಬಟ್ಟೆ ಬಾಗಿಲಿಗೆ ಬಿತ್ತು, ಅಣ್ಣ ಕೂಗಲು ತೆರೆದಿದ್ದ ಬಾಯಿಯನ್ನು ಹಾಗೇ ಮುಚ್ಚಿಕೊಂಡ. ನಾಮಕರಣಕ್ಕೆ ತಾನೇ ತೊಟ್ಟಿಲು ಕೊಡಿಸಿದ. ಒಂದೇ ಸಲ ಎಂದು ಶುರುವಾದ ಯಾವುದು ಒಂದೇ ಸಲಕ್ಕೆ ನಿಂತಿದೆ? ಅಣ್ಣ ಜೋರು ಮಾಡಿದ ಮರುದಿನ ನಮ್ಮನೆಯ ಹಾಲು ಒಡೆಯುವುದು ವಾಡಿಕೆಯಾಯಿತು. ಅಣ್ಣ ಜೋರು ಮಾಡದ ದಿನ ಯಾವುದು ಎಂದು ಮಾತ್ರ ಕೇಳಬೇಡಿ.

ವಿಚಿತ್ರವೆಂದರೆ ನಮ್ಮ ಬಾಗಿಲಲ್ಲಷ್ಟೇ ಅಲ್ಲ, ಎಲ್ಲರ ಬಾಗಿಲಲ್ಲೂ ಮತ್ತೆ ಬಟ್ಟೆ ಕಾಣತೊಡಗಿತು. ಪಕ್ಕದ ಮನೆಯ ನೀಲಕ್ಕನ ಬಾಗಿಲಲ್ಲಿ, ಎದುರು ಸಾಲಿನಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಹಿಂದೆಂದೂ ಕಾಣದಷ್ಟು ಬಟ್ಟೆ. "ನೋಡಿದ್ಯಾ, ಟೀವಿಯೋರು ಹೇಳಿದ್ದೇ ಸರಿ" ಎಂದ ಅಣ್ಣ. ಹಂಚಿದ ಸಿಹಿಯಲ್ಲಿ ಒಂಥರಾ ಹುಳಿ. ಅದಕ್ಕೂ ಊರಿನವರು ಕಾರಣ ಹುಡುಕಿದರು: ಈಗಿನ ಕೊಲೆಗಳು ಎಷ್ಟು ಕ್ರೂರವೆಂದರೆ ಹಾಲಿನ ರುಚಿಯೇ ಕೆಟ್ಟಿದೆಯಂತೆ. ಸಂತೆಯಲ್ಲಿ ನಿಂಬೆಹಣ್ಣು ಸಿಗದಂತಾಯಿತು. ಭಯಕ್ಕೆ ಎಲ್ಲರೂ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಿದ್ದಾರೆ, ಅದಕ್ಕೇ ಅಭಾವ ಎಂದರು. ಅತ್ತಿಗೆಗೆ ಒಳಗೊಳಗೇ ಅಳುಕು. "ನಾನು ಒಂದು ಸುಳ್ಳು ಬಟ್ಟೆ ಹಾಕಿದ್ರೆ ನಿಜವಾದ ಬಟ್ಟೆ ಇಷ್ಟು ಬೀಳ್ತಾ ಇದೆಯಲ್ಲೇ. ನಿಜವಾಗ್ಲೂ ದೇಶಕ್ಕೆ ಏನೋ ಆಗಿದೆ" ಎಂದು ಅವಳೂ ಹೆದರಿದಳು.

ಊರಿನ ಭಯದಿಂದ ಬದುಕಿಕೊಂಡವನು ಗ್ರಿಲ್ ಅಂಗಡಿಯ ರುದ್ರೇಶಿ. ಅವನ ವೆಲ್ಡಿಂಗ್ ಕಿಡಿ ಹಗಲಿಡೀ ಹಾರಿದ್ದೇ ಹಾರಿದ್ದು. ಕಿಟಕಿಗೆ ಗ್ರಿಲ್, ವರಾಂಡಕ್ಕೆ ಗ್ರಿಲ್, ತುಳಸಿಕಟ್ಟೆಗೂ ಗ್ರಿಲ್. ಒಳ್ಳೆಯ ಮನುಷ್ಯನೇ, ಆದರೆ ಭಾಷಣದ ಚಟ. ರಕ್ಷಣಾ ಸಮಿತಿ ಅಂತ ಒಂದು ಮಾಡಿ ತಾನೇ ಅಧ್ಯಕ್ಷನಾದ. "ಹಿತ್ತಿಲ ಬಾಗಿಲು ತೆಗೆದಿಡಬ್ಯಾಡ್ರಪ್ಪಾ. ಬರೋನು ಮುಂದ್ಗಡೆಯಿಂದ ಬರಲ್ಲ. ಬಾಗಿಲ ಹಿಂದೆ ಏನಾದ್ರೂ ಒಂದು ಇಟ್ಕೊಂಡಿರಿ" ಎಂದು ಕಟ್ಟೆಯ ಮೇಲೆ ನಿಂತು ಸಾರಿದ. ಅಣ್ಣ ಅವನ ಅಂಗಡಿಯಿಂದಲೇ ಒಂದು ಕಬ್ಬಿಣದ ಪೈಪು ತಂದು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲಿಸಿದ. ಹಿತ್ತಿಲ ಬಾಗಿಲಿಗೆ ಹೊಸ ಅಗುಳಿ ಬಂತು. ಕೆಂಚಣ್ಣನ ಗತಿ ಕೇಳುವವರಿಲ್ಲ. ಒಂದೊಂದು ಬಾಗಿಲನ್ನೂ ಬಡಿಯಬೇಕು, ಒಳಗಿನಿಂದ "ಯಾರದು?" ಎಂದರೆ "ಹಾಲು" ಎನ್ನಬೇಕು, "ಯಾವ ಹಾಲು?" ಎಂದರೆ ತನ್ನ ಹೆಸರು ಹೇಳಬೇಕು. "ನನ್ನ ಮುಖ ಮರ್ತುಹೋಯ್ತೇನ್ರವ್ವಾ ನಿಮಗೆಲ್ಲ?" ಎಂದು ಒಂದು ದಿನ ಅವನು ಅತ್ತಿಗೆಯನ್ನು ಕೇಳಿದ. ನಗುತ್ತಲೇ ಕೇಳಿದ, ಆದರೆ ಅವನಿಗೆ ನೋವಾಗಿತ್ತು.

ಆ ಬೆಳಿಗ್ಗೆ ಅತ್ತಿಗೆ ಸ್ನಾನಕ್ಕೆ ಹೋಗಿದ್ದಳು. ಕತ್ತರಿಸಿದ ನಿಂಬೆಹಣ್ಣೊಂದು ಹಾಲಿಗಾಗಿ ಕಾಯುತ್ತ ಬಟ್ಟಲಿನ ಕೆಳಗೆ ಕೂತಿತ್ತು. ನಾನು ಮನೆಮುಂದೆ ಕಾರು ಒರೆಸುತ್ತಿದ್ದೆ. ಅಣ್ಣ ಟೀವಿಯ ಮುಂದೆ. ಅದರಲ್ಲಿ ಹಿತ್ತಿಲಿನಿಂದ ನುಗ್ಗಿದ ಯಾರೋ ಯಾರನ್ನೋ ಕೊಂದದ್ದನ್ನು ಸಂಗೀತ ಹಾಕಿ ತೋರಿಸುತ್ತಿದ್ದರು. ಕೆಂಚಣ್ಣ ಹಿತ್ತಿಲ ಬಾಗಿಲು ಬಡಿದಿರಬೇಕು. ಟೀವಿಯ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಹೊತ್ತಾಗುತ್ತದೆ, ಹೊರಗಿಟ್ಟರೆ ನಾಯಿ ಮುಟ್ಟುತ್ತದೆ ಎಂದುಕೊಂಡು ಅವನು ನುಗ್ಗೆಮರದ ಪಕ್ಕದ ಮೋಟುಗೋಡೆ ಹತ್ತಿ ಒಳಗೆ ಇಳಿದ. ಧಪ್ಪೆಂದ ಸದ್ದಿಗೆ ಅಣ್ಣ ಎದ್ದು ಬಂದ. ಹೊಗೆ ಹಿಡಿದ ಕಿಟಕಿಯ ಗಾಜಿನಾಚೆ ಒಂದು ಆಕಾರ, ಕೈಯಲ್ಲಿ ಏನೋ ಲೋಹದ್ದು. ಅಣ್ಣ ಪೈಪು ತೆಗೆದುಕೊಂಡ, ಅಗುಳಿ ಸರಿಸಿದ, ಕಣ್ಣು ಮುಚ್ಚಿಕೊಂಡು ಬೀಸಿದ.

ನಾನು ಓಡಿ ಬರುವಷ್ಟರಲ್ಲಿ ಕೆಂಚಣ್ಣ ಹಾಲಿನಲ್ಲಿ ಬಿದ್ದಿದ್ದ. ಹಾಲು ಕೆಂಪಾಗುತ್ತಿತ್ತು. ಒಂದು ಕ್ಯಾನು ಉರುಳಿಹೋಗಿತ್ತು, ಇನ್ನೊಂದು ನೆಟ್ಟಗೆ ನಿಂತಿತ್ತು. ಅಣ್ಣ ಪೈಪನ್ನು ಎದೆಗೆ ಅವಚಿಕೊಂಡು "ಕೆಂಚಣ್ಣ, ನೀನಾ? ನೀನಾ ಕೆಂಚಣ್ಣ?" ಎಂದು ಅದನ್ನೇ ಕೇಳುತ್ತಿದ್ದ. ಕೆಂಚಣ್ಣನ ಕಣ್ಣು ತೆರೆಯಲಿಲ್ಲ.

ಕಲಿಯುವವರಿಗೆ ಬ್ರೇಕು ಒತ್ತಿ ಎಂದು ಹೇಳುವುದೇ ನನ್ನ ಕಸುಬು. ಅವತ್ತು ಆಸ್ಪತ್ರೆ ತಲುಪುವವರೆಗೆ ನಾನು ಬ್ರೇಕು ಮುಟ್ಟಲಿಲ್ಲ. ಹಿಂದಿನ ಸೀಟಿನಲ್ಲಿ ಕೆಂಚಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಲಾಟೆ ಕೇಳಿ ಓಡಿಬಂದಿದ್ದ ರುದ್ರೇಶಿ ಕೂತಿದ್ದ. ದಾರಿಯುದ್ದಕ್ಕೂ ಅವನು ಒಂದು ಮಾತೂ ಆಡಲಿಲ್ಲ. ನಾನು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಡಾಕ್ಟರು ಹೊಲಿಗೆ ಹಾಕಿದರು. ಎಚ್ಚರವಾಗುವವರೆಗೆ ಏನೂ ಹೇಳಲಾರೆ ಎಂದರು. ಕೆಂಚಣ್ಣನ ಹೆಂಡತಿ ಹೊನ್ನಮ್ಮ ಓಡಿಬಂದಳು. ಅವಳ ಜೊತೆಗೆ ರುದ್ರೇಶಿಯನ್ನು ಬಿಟ್ಟು, ಏನಿದ್ದರೂ ಫೋನು ಮಾಡು ಎಂದು ಹೇಳಿ ನಾನು ಮನೆಗೆ ಬಂದೆ. ಬಂದರೆ ಹಜಾರದಲ್ಲಿ ಪೊಲೀಸಿನವರೊಬ್ಬರು ಕೂತಿದ್ದರು. ಬಹಳ ಸೌಮ್ಯವಾಗಿಯೇ ಹೇಳಿದರು, "ಅವನಿಗೆ ಎಚ್ಚರ ಆದ್ರೆ ಒಂದು ಕೇಸು ತಿಪ್ಪೇಶಪ್ಪ, ಆಗದಿದ್ರೆ ಇನ್ನೊಂದು. ಅಲ್ಲೀತಂಕ ಕಾಯೋಣ."

ನಮ್ಮೂರಿನಲ್ಲಿ ಕೊಲೆಯೆಂಬುದೇ ಆದದ್ದಿಲ್ಲ. ಇಲ್ಲಿಯೇ ಒಂದು ಆದರೆ ಹಾಲು ಏನು ಮಾಡುತ್ತದೆ, ಯಾರ ಮನೆಯಲ್ಲಿ ಒಡೆಯುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಬೀದಿಯವರೆಲ್ಲ ನಮ್ಮ ಮನೆಗೆ ಬಂದು ಸೇರಿದ್ದರು. ಕೊನೆಗೆ ಅತ್ತಿಗೆ ಎದ್ದು, ನೆಟ್ಟಗೆ ನಿಂತಿದ್ದ ಆ ಕ್ಯಾನಿನ ಹಾಲನ್ನು ಪಾತ್ರೆಗೆ ಹೊಯ್ದು, ಒಲೆಯನ್ನು ಹಜಾರಕ್ಕೇ ತಂದಿಟ್ಟು ಹಚ್ಚಿದಳು. ಉರಿ ಸಣ್ಣದು ಮಾಡಿದಳು. ಎಲ್ಲರ ಕಣ್ಣೂ ಆ ಪಾತ್ರೆಯ ಮೇಲೆ.

ಆಗ ಅವಳು ಒಳಗೆ ಹೋಗಿ ಬಟ್ಟಲ ಕೆಳಗಿನ ನಿಂಬೆಹಣ್ಣನ್ನು ತಂದು ಎಲ್ಲರೆದುರು ನೆಲದ ಮೇಲಿಟ್ಟಳು. "ನಮ್ಮನೆ ಬಾಗಿಲಿಗೆ ಹಾಕ್ತಿದ್ದ ಬಟ್ಟೆ ಎಲ್ಲ ಸುಳ್ಳು. ನಾನೇ ಹಿಂಡ್ತಿದ್ದೆ" ಎಂದಳು. "ನನ್ನ ಬಟ್ಟೆ ನೋಡಿ ಇವರು ಹೆದರಿದ್ರು, ಹೆದರಿ ಪೈಪು ತಂದ್ರು. ಕೆಂಚಣ್ಣನಿಗೆ ಏನಾದ್ರೂ ಆದ್ರೆ ಅದರಲ್ಲಿ ಅರ್ಧ ನಂದು. ಬರ್ಕೊಳ್ಳಿ ಸಾಹೇಬ್ರೆ." ಪೊಲೀಸಿನವರು ಏನು ಬರೆದುಕೊಳ್ಳಬೇಕೆಂದು ತಿಳಿಯದೆ ಟೋಪಿ ತೆಗೆದು ತಲೆ ಕೆರೆದುಕೊಂಡರು.

ಆಮೇಲೆ ನೀಲಕ್ಕ ಗಂಟಲು ಸರಿಮಾಡಿಕೊಂಡಳು. "ನಮ್ಮನೇದೂ ಕಮಲೀ. ಒಂದೂ ನಿಜದ್ದಲ್ಲ." ಅವಳ ಹಿಂದೆ ಕೂತಿದ್ದ ಗಂಡ ತಲೆ ತಗ್ಗಿಸಿಕೊಂಡು "ಅದರಲ್ಲಿ ಎರಡು ನಾನು ಹಿಂಡಿದ್ದು" ಎಂದ. ನೀಲಕ್ಕ ತಿರುಗಿ ಅವನನ್ನು ದುರುಗುಟ್ಟಿಕೊಂಡು ನೋಡಿದಳು. ಎದುರು ಮನೆಯವಳು ಸೆರಗು ಬಾಯಿಗೆ ಇಟ್ಟುಕೊಂಡು "ನಾವು ಹುಣಸೆಹುಳಿ ಹಾಕ್ತಿದ್ವಿ, ನಿಂಬೆಹಣ್ಣು ಸಿಗ್ತಿರ್ಲಿಲ್ವಲ್ಲ" ಎಂದಳು. ಒಬ್ಬರಾದ ಮೇಲೆ ಒಬ್ಬರು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗಬೇಕಿತ್ತು. ಅಷ್ಟೂ ದಿನ ಊರಿಗೆ ಊರೇ ಗ್ರಿಲ್ ಹಾಕಿಕೊಂಡು ನಡುಗಿದ್ದು ತನ್ನದೇ ನಿಂಬೆಹಣ್ಣಿಗೆ. "ಹಾಗಾದ್ರೆ ನಮ್ ಬೀದೀಲಿ ನಿಜವಾಗಿ ಒಡೆದಿದ್ದು ಯಾವಾಗ?" ಎಂದು ಯಾರೋ ಕೇಳಿದರು. ಯಾರಿಗೂ ನೆನಪಾಗಲಿಲ್ಲ.

ನಾನು ಅಣ್ಣನನ್ನೇ ನೋಡುತ್ತಿದ್ದೆ. ಈಗ ಕೂಗುತ್ತಾನೆ ಎಂದುಕೊಂಡೆ. ಅವನು ಮೆಲ್ಲಗೆ ಕೇಳಿದ, "ನನ್ನ ಸಿಟ್ಟಿಗೆ ಅಷ್ಟು ಹೆದರ್ತಿದ್ಯಾ ಕಮಲೀ?"

"ಹೆದರಿಕೆ ಅಲ್ಲ ಕಣ್ರೀ" ಎಂದಳು ಅತ್ತಿಗೆ. "ಅವತ್ತು ಫ್ಯಾನು ರಿಪೇರಿ ಮಾಡಿಕೊಟ್ಟಿದ್ರಲ್ಲ, ಅವರನ್ನ ನೋಡ್ಬೇಕು ಅನ್ನಿಸೋದು. ಅಷ್ಟೇ."

ಅಣ್ಣನ ಕಣ್ಣು ತುಂಬಿಕೊಂಡಿತು. "ಇಷ್ಟು ವರ್ಷ ಸಿಟ್ಟು ಮಾಡ್ದೆ. ಸಿಟ್ಟಲ್ಲಿ ಯಾರಿಗೂ ಒಂದೇಟು ಹಾಕ್ಲಿಲ್ಲ. ಇವತ್ತು ನನಗೆ ಸಿಟ್ಟೇ ಇರ್ಲಿಲ್ಲ ಕಣೆ. ಹೆದರಿಕೆ ಆಗಿತ್ತು" ಎಂದ. ಸಿಟ್ಟಿಗೆ ನಮ್ಮೂರಿನವರು ಬಟ್ಟೆ ಕಟ್ಟಿಟ್ಟಿದ್ದರು, ದಿನ ಗೊತ್ತು ಮಾಡಿದ್ದರು. ಹೆದರಿಕೆಗೆ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಹಾಲು ಕಾಯತೊಡಗಿತು. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಎದ್ದವು, ಕೆನೆ ನಡುಗಿತು. ಉಕ್ಕಲಿ, ದೇವರೇ, ಉಕ್ಕಲಿ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಉಕ್ಕಿ ಒಲೆಯೆಲ್ಲ ಹಾಳಾಗಲಿ. ಹಾಲು ಮೇಲೆ ಬಂತು. ಪಾತ್ರೆಯ ಕಂಠದವರೆಗೆ ಬಂತು. ಅಲ್ಲಿ ಒಂದು ಗಳಿಗೆ ನಿಂತು, ನಮ್ಮ ಕಣ್ಣೆದುರೇ ಎರಡಾಯಿತು. ಕೆಳಗೆ ತಿಳಿ ನೀರು, ಮೇಲೆ ಬಿಳಿ ಗಡ್ಡೆ. ಅತ್ತಿಗೆ ಬಗ್ಗಿ ಮೂಸಿ ನೋಡಿದಳು. ಅವಳು ಬಾಯಿ ಬಿಡುವ ಮೊದಲೇ ಆ ಘಮ ನಮಗೆಲ್ಲ ತಲುಪಿತ್ತು. ಹುಳಿ ಇರಲಿಲ್ಲ.

ಅಣ್ಣ ಗೋಡೆಗೆ ಒರಗಿ ಕುಸಿದು ಕೂತ. "ಹೋದ. ಕೆಂಚಣ್ಣ ಹೋದ. ಕೊಂದುಬಿಟ್ಟೆ" ಎಂದ. ನೀಲಕ್ಕ ಜೋರಾಗಿ ಅತ್ತಳು. ಪೊಲೀಸಿನವರು ಟೋಪಿಯನ್ನು ಮತ್ತೆ ತಲೆಗೆ ಇಟ್ಟುಕೊಂಡರು. ಅದೇ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ರುದ್ರೇಶಿ. ಎತ್ತಲು ನನಗೆ ಕೈ ಬರಲಿಲ್ಲ. ಎತ್ತಿ ಕಿವಿಗಿಟ್ಟುಕೊಂಡರೆ ಅವನು ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲೊಲ್ಲದು. "ಕಣ್ಣು ಬಿಟ್ಟ ಮಂಗಳಕ್ಕಾ! ಈಗ್ತಾನೇ ಬಿಟ್ಟ! ಡಾಕ್ಟ್ರು ಭಯ ಇಲ್ಲ ಅಂದ್ರು. ಮೊದಲು ಏನ್ ಕೇಳ್ದ ಗೊತ್ತಾ? ಇನ್ನೊಂದು ಕ್ಯಾನಿಗೆ ಮುಚ್ಚಳ ಹಾಕಿದ್ರಾ ಅಂತ!"

ಹಜಾರ ಒಮ್ಮೆಗೇ ಎದ್ದು ನಿಂತಿತು. ಯಾರು ಯಾರನ್ನು ತಬ್ಬಿಕೊಂಡರೋ ಲೆಕ್ಕವಿಲ್ಲ. ನೀಲಕ್ಕ ಗಂಡನನ್ನು ಅಷ್ಟು ಜನರ ಎದುರೇ ತಬ್ಬಿಕೊಂಡಳು. ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಪೊಲೀಸಿನವರು ಸಣ್ಣ ಕೇಸಿನ ಕಾಗದ ಹುಡುಕುತ್ತ ಒಂದು ಲೋಟ ಕಾಫಿ ಕೇಳಿದರು. ಅಷ್ಟು ಹೊತ್ತಿನ ಭಾರ ಇಳಿದು ಎಲ್ಲರೂ ನಗತೊಡಗಿದರು. ಮುಚ್ಚಳ ಹಾಕಿದ್ರಾ ಅಂತೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಮತ್ತೆ ಮತ್ತೆ ನಕ್ಕರು.

ಅತ್ತಿಗೆ ಒಬ್ಬಳೇ ಪಾತ್ರೆಯ ಮುಂದಿನಿಂದ ಎದ್ದಿರಲಿಲ್ಲ. "ಹಾಗಾದ್ರೆ ಇದು ಯಾರದು?" ಎಂದಳು.

ನಗು ಒಂದೊಂದೇ ಬಾಯಲ್ಲಿ ನಿಂತುಹೋಯಿತು. ಯಾರೋ ಎನ್ನಲು ನನ್ನ ನಾಲಿಗೆ ಎದ್ದಿತ್ತು. ಹೇಳಲಾಗಲಿಲ್ಲ. ಈಗಷ್ಟೇ ನಾವು ಈ ಹಾಲಿನ ಮುಂದೆ ಕೂತು ಕೆಂಚಣ್ಣ ಅಂದುಕೊಂಡು ಎದೆ ಒಡೆದುಕೊಂಡಿದ್ದೆವು. ಎಲ್ಲಿಯೋ ಒಂದು ಹಜಾರದಲ್ಲಿ ಹೀಗೇ ಜನ ಸೇರಿರುತ್ತಾರೆ, ಹೀಗೇ ಒಂದು ಫೋನಿಗೆ ಕಾದಿರುತ್ತಾರೆ. ಅವರಿಗೆ ಬಂದ ಫೋನು ಬೇರೆ. ಅತ್ತಿಗೆಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಮೊದಲ ಸಲ ಅತ್ತಂತೆಯೇ ಅಳುತ್ತಿದ್ದಳು, ಮತ್ತು ಈ ಸಲ ನನಗೆ ನಗು ಬರಲಿಲ್ಲ.

ಅಣ್ಣನೇ ಎದ್ದು ಬಟ್ಟೆ ತಂದ. ಗಂಡಸರಲ್ಲಿ ಯಾರೂ ಅದನ್ನು ಸೋಸಿದ್ದು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವನು ಸೋಸಿದ, ಬೆಲ್ಲ ಕುಟ್ಟಿ ಹಾಕಿದ, ತಳ ಹಿಡಿಯದಂತೆ ಕೂತು ತಿರುವಿದ. ಹಿತ್ತಿಲಲ್ಲಿ ಬಿದ್ದಿದ್ದ ಪೈಪನ್ನು ತೊಳೆದು ತಂದು ಮುಂಬಾಗಿಲಿಗೆ ಅಡ್ಡಲಾಗಿ ಕಟ್ಟಿ, ಹಿಂಡಿದ ಬಟ್ಟೆಯನ್ನು ಅದರ ಮೇಲೆ ಹರಡಿದ. ಅತ್ತಿಗೆ ಮೊದಲ ಚಮಚವನ್ನು ಎಲೆಯ ಮೇಲೆ ಹಾಕಿ ಕಾಂಪೌಂಡಿನ ಗೋಡೆಯ ಮೇಲಿಟ್ಟಳು. ನಮ್ಮವ್ವ ಹಾಗೆ ಮಾಡುತ್ತಿದ್ದಳೆಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಬೀದಿಯವರು ಒಂದೊಂದು ಚಮಚ ಕೈಯಲ್ಲಿ ಹಾಕಿಸಿಕೊಂಡು ನಿಂತೇ ತಿಂದು ಹೋದರು. ಬಟ್ಟೆ ನೋಡಿ ಯಾರೂ ಏನನ್ನೂ ಕೇಳಲು ಬರಲಿಲ್ಲ.

ಸಂಜೆ ಅಣ್ಣ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ. ಟೀವಿ ಬಾಯಿ ಮುಚ್ಚಿಕೊಂಡಿತ್ತು. ಹಿತ್ತಿಲ ಬಾಗಿಲು ತೆರೆದಿತ್ತು. "ಹೊತ್ತು ಮುಳುಗೋಕೆ ಇನ್ನೂ ಟೈಮಿದೆ ಕಮಲೀ. ಏನಾದ್ರೂ ಕೇಳೋದಿದ್ರೆ ಕೇಳೇ" ಎಂದ.

ಅತ್ತಿಗೆ ಅವನು ಸುಲಿದಿಟ್ಟ ಬೆಳ್ಳುಳ್ಳಿಯನ್ನು ಬಟ್ಟಲಿಗೆ ತುಂಬಿಕೊಂಡಳು. "ಇವತ್ತು ಬೇಡ. ನಾಳೆ ಕೇಳ್ತೀನಿ" ಎಂದಳು. "ಬೈಕೊಂಡೇ ಕೊಡ್ರಿ."